ವೈರಸ್ ಇಲ್ಲದ ತಂತ್ರಾಂಶವನ್ನು ಆಂಟಿವೈರಸ್ ಹೊರಗೆ ಕೂರಿಸುವುದೇಕೆ?

ಪ್ರಶ್ನೆ: ಉಡುಪಿಯ ಕಲ್ಸಂಕದ ಹತ್ತಿರ ಸಣ್ಣ ಮುದ್ರಣಾಲಯ ನಡೆಸುತ್ತಿದ್ದೇನೆ. ನಮ್ಮ ಬಿಲ್ಲಿಂಗ್ ತಂತ್ರಾಂಶವನ್ನು ಮಣಿಪಾಲದ ಪರಿಚಿತ ಯುವಕರೊಬ್ಬರು ಕೆಲವು ವರ್ಷಗಳ ಹಿಂದೆ ಬರೆದುಕೊಟ್ಟಿದ್ದರು. ಜಿಎಸ್‌ಟಿ ದರಗಳು ಬದಲಾದಾಗ ಅದರ ಹೊಸ ಆವೃತ್ತಿಯನ್ನು ಗೂಗಲ್ ಡ್ರೈವ್ ಮೂಲಕ ಕಳುಹಿಸಿದರು. ಅದನ್ನು ಹಾಕಿಕೊಂಡ ದಿನದಿಂದ ಪರದೆಯಲ್ಲಿ ಆ ತಂತ್ರಾಂಶದ ಸುತ್ತ ಹಸಿರು ಚೌಕಟ್ಟು ಕಾಣತೊಡಗಿತು. ಬಿಲ್ ಮಾತ್ರ ಸರಿಯಾಗಿಯೇ ಮುದ್ರಣವಾಗುತ್ತಿತ್ತು. ಎರಡು ದಿನ ಬಿಟ್ಟು ಕಂಪ್ಯೂಟರ್ ರಿಪೇರಿಯವರು ಬಂದು, "ಇದು ಆಂಟಿವೈರಸ್‌ನ ಕಿರಿಕಿರಿ" ಎಂದು ಡಿ ಡ್ರೈವ್ ಪೂರ್ತಿಯನ್ನು ವಿನಾಯಿತಿ ಪಟ್ಟಿಗೆ, ಅಂದರೆ ಆಂಟಿವೈರಸ್ ತಪಾಸಣೆ ಮಾಡದೆ ಬಿಡುವ ಜಾಗಗಳ ಪಟ್ಟಿಗೆ, ಸೇರಿಸಿದರು. ಚೌಕಟ್ಟು ಹೋಯಿತು. ಅದರ ಜೊತೆಗೆ ಆ ಎರಡು ದಿನಗಳ ಬಿಲ್‌ಗಳೂ ಹೋದವು. ಸ್ಕ್ಯಾನ್ ಮಾಡಿದರೆ ವೈರಸ್ ಇಲ್ಲ ಎಂದೇ ತೋರಿಸುತ್ತದೆ. ವೈರಸ್ ಇಲ್ಲದಿದ್ದರೆ ಅದನ್ನು ತಡೆದದ್ದೇಕೆ? ಬಿಲ್‌ಗಳು ಎಲ್ಲಿ ಹೋದವು? ರಿಪೇರಿಯವರು ಮಾಡಿದ್ದು ಸರಿಯೇ?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ತುರ್ತಿನ ಮಾತು. ನಿಮ್ಮ ಆಂಟಿವೈರಸ್‌ನಲ್ಲಿ 'ಸ್ಯಾಂಡ್‌ಬಾಕ್ಸ್' ಅಥವಾ 'ಕಂಟೇನರ್' ಎಂಬ ಹೆಸರಿನ ವಿಭಾಗವೊಂದು ಇದ್ದೀತು. ಅದರಲ್ಲಿರುವ 'ರೀಸೆಟ್' ಅಥವಾ 'ಕ್ಲಿಯರ್' ಎಂಬ ಗುಂಡಿಯನ್ನು ಸದ್ಯಕ್ಕೆ ಯಾರೂ ಒತ್ತಬಾರದು. ನಿಮ್ಮ ಎರಡು ದಿನಗಳ ಬಿಲ್‌ಗಳು ಅಳಿಸಿಹೋಗಿರುವ ಸಾಧ್ಯತೆ ಕಡಿಮೆ. ಅವು ಆ ವಿಭಾಗದೊಳಗೆ ಉಳಿದಿರುವ ಸಾಧ್ಯತೆಯೇ ಹೆಚ್ಚು. ಹೇಗೆಂಬುದನ್ನು ಮುಂದೆ ವಿವರಿಸುತ್ತೇನೆ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ಸ್ಕ್ಯಾನ್ ಮುಗಿದ ಮೇಲೆ ಬರುವ 'ವೈರಸ್ ಇಲ್ಲ' ಎಂಬ ಸಂದೇಶವನ್ನು ನಾವೆಲ್ಲರೂ ಅದು ಹೇಳುವುದಕ್ಕಿಂತ ಹೆಚ್ಚಾಗಿ ನಂಬುತ್ತೇವೆ. ಅದರ ನಿಜವಾದ ಅರ್ಥ 'ನನಗೆ ಈಗಾಗಲೇ ಗೊತ್ತಿರುವ ಕೆಟ್ಟ ಪ್ರೋಗ್ರಾಮ್‌ಗಳಲ್ಲಿ ಇದು ಒಂದಲ್ಲ' ಎಂದಷ್ಟೆ. ಸಿಕ್ಕಿಬಿದ್ದ ಪ್ರತಿಯೊಂದು ವೈರಸ್‌ನ ಗುರುತನ್ನು ಪಟ್ಟಿ ಮಾಡಿಕೊಂಡು, ಹೊಸದಾಗಿ ಬಂದ ಕಡತವನ್ನು ಆ ಪಟ್ಟಿಯೊಂದಿಗೆ ಹೋಲಿಸಿ ನೋಡುವುದು ಆಂಟಿವೈರಸ್‌ನ ಹಳೆಯ ಕ್ರಮ. ವೈರಸ್‌ಗಳು ಫ್ಲಾಪಿಯಿಂದ ಫ್ಲಾಪಿಗೆ ನಿಧಾನವಾಗಿ ದಾಟುತ್ತಿದ್ದ ಕಾಲಕ್ಕೆ ಅದು ಸಾಕಾಗುತ್ತಿತ್ತು. ಈಗ ವೈರಸ್ ಬರೆಯುವವರು ಒಂದೇ ಪ್ರೋಗ್ರಾಮನ್ನು ಪ್ರತಿ ಬಾರಿ ಕಳುಹಿಸುವಾಗಲೂ ಬೇರೆ ಬೇರೆ ರೀತಿಯಲ್ಲಿ ಸುತ್ತಿ, ಗೂಢಲಿಪಿಯಲ್ಲಿ ಅಡಗಿಸಿ ಕಳುಹಿಸುವುದರಿಂದ, ನಿಮಗೆ ಬಂದ ಪ್ರತಿ ಜಗತ್ತಿನಲ್ಲಿ ನಿಮಗೊಬ್ಬರಿಗೇ ಬಂದಿರಬಹುದು. ಹಾಗಿರುವಾಗ ಅದರ ಗುರುತು ಯಾವ ಪಟ್ಟಿಯಲ್ಲಿಯೂ ಇರಲು ಸಾಧ್ಯವಿಲ್ಲ. ಯಾವುದೇ ಪ್ರೋಗ್ರಾಮನ್ನು ಪರಿಶೀಲಿಸಿ ಅದು ವೈರಸ್ ಹೌದೋ ಅಲ್ಲವೋ ಎಂದು ಎಂದೂ ತಪ್ಪದೆ ಹೇಳಬಲ್ಲ ವಿಧಾನವೊಂದು ಇರಲಾರದು ಎಂಬುದನ್ನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಕೋಹೆನ್ 1980ರ ದಶಕದಲ್ಲಿಯೇ ತರ್ಕಬದ್ಧವಾಗಿ ತೋರಿಸಿಕೊಟ್ಟಿದ್ದರು.

ಆದ್ದರಿಂದ ಆಂಟಿವೈರಸ್ ತಯಾರಕರು ಪ್ರಶ್ನೆಯನ್ನೇ ತಿರುಗಿಸಿದರು. 'ಇದು ಕೆಟ್ಟದ್ದೇ?' ಎಂದು ಕೇಳುವ ಬದಲು 'ಇದರ ಪರಿಚಯ ಯಾರಿಗಾದರೂ ಇದೆಯೇ?' ಎಂದು ಕೇಳತೊಡಗಿದರು. ನಮ್ಮ ಊರಿನ ಹಳೆಯ ಮನೆಗಳಲ್ಲಿ ಗುರುತಿಲ್ಲದವರು ಬಂದರೆ ಜಗಲಿಯಲ್ಲಿ ಕುಳ್ಳಿರಿಸಿ ಬೆಲ್ಲ, ನೀರು ಕೊಡುತ್ತಿದ್ದರು, ಮಾತನಾಡಿಸುತ್ತಿದ್ದರು. ಆದರೆ ಭತ್ತ ತುಂಬಿಡುವ ಪತ್ತಾಯ ಇರುವ ಒಳಕೋಣೆಗೆ ಕರೆದೊಯ್ಯುತ್ತಿರಲಿಲ್ಲ. ಬಂದವರನ್ನು ಕಳ್ಳರೆಂದು ಯಾರೂ ಹೇಳಿದಂತಾಗುತ್ತಿರಲಿಲ್ಲ. ನಿಮ್ಮ ಬಿಲ್ಲಿಂಗ್ ತಂತ್ರಾಂಶದ ಸುತ್ತ ಕಂಡ ಹಸಿರು ಚೌಕಟ್ಟು ಅಂಥದೇ ಒಂದು ಜಗಲಿಯ ಗುರುತು. 'ನಂಬಿಕೆಗೆ ಒಳಪಡದ ಪ್ರೋಗ್ರಾಮ್' ಎಂಬ ಮಾತಿನಲ್ಲಿ ಆರೋಪವಿಲ್ಲ, ಅಪರಿಚಿತತೆ ಮಾತ್ರ ಇದೆ.

ಈ ಪರಿಚಯವನ್ನು ಆಂಟಿವೈರಸ್ ನಾಲ್ಕಾರು ಕಡೆಯಿಂದ ವಿಚಾರಿಸಿಕೊಳ್ಳುತ್ತದೆ. ಮೊದಲನೆಯದು ಕಡತದ ಹ್ಯಾಶ್. ಕಡತದ ಪ್ರತಿಯೊಂದು ಬೈಟನ್ನೂ ಒಂದು ಗಣಿತ ಸೂತ್ರಕ್ಕೆ ಹಾಕಿದಾಗ ಹೊರಬರುವ ಸಂಖ್ಯೆ ಇದು. ಈಗ ಸಾಮಾನ್ಯವಾಗಿ ಬಳಕೆಯಲ್ಲಿರುವ ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಅದನ್ನು 64 ಅಕ್ಷರ ಮತ್ತು ಅಂಕಿಗಳ ಸಾಲಾಗಿ ಬರೆಯುತ್ತಾರೆ. ಕಡತದೊಳಗೆ ಒಂದೇ ಒಂದು ಬಿಟ್ ಬದಲಾದರೂ ಈ ಸಾಲು ಪೂರ್ತಿ ಬೇರೆಯಾಗುತ್ತದೆ. ಆಂಟಿವೈರಸ್ ಆ ಸಾಲನ್ನು ತನ್ನ ಕಂಪನಿಯ ಸರ್ವರ್‌ಗೆ ಕಳುಹಿಸಿ, ಇದನ್ನು ಇದುವರೆಗೆ ಎಷ್ಟು ಕಂಪ್ಯೂಟರ್‌ಗಳಲ್ಲಿ ನೋಡಿದ್ದೀರಿ, ಎಂದಿನಿಂದ ನೋಡಿದ್ದೀರಿ ಎಂದು ಕೇಳುತ್ತದೆ. ಎರಡನೆಯದು ಡಿಜಿಟಲ್ ಸಹಿ: ಈ ಪ್ರೋಗ್ರಾಮನ್ನು ತಾನೇ ಮಾಡಿದ್ದೆಂದು ತಯಾರಕರು ಸಹಿ ಹಾಕಿದ್ದಾರೆಯೇ, ಆ ಸಹಿಗೆ ಮಾನ್ಯತೆ ಇದೆಯೇ ಎಂಬ ವಿಚಾರಣೆ. ಮೂರನೆಯದು ಕಡತ ಬಂದ ದಾರಿ. ಬ್ರೌಸರ್ ಮೂಲಕ ಇಳಿಸಿಕೊಂಡ ಕಡತಕ್ಕೆ ವಿಂಡೋಸ್ 'ಝೋನ್ ಐಡೆಂಟಿಫೈಯರ್' ಎಂಬ ಕಣ್ಣಿಗೆ ಕಾಣದ ಚೀಟಿಯೊಂದನ್ನು ಅಂಟಿಸುತ್ತದೆ. ಅದರಲ್ಲಿ 3 ಎಂಬ ಅಂಕಿ ಇದ್ದರೆ ಕಡತ ಅಂತರ್ಜಾಲದಿಂದ ಬಂದದ್ದೆಂದು ಅರ್ಥ. ಕಡತದ 'ಪ್ರಾಪರ್ಟೀಸ್' ತೆರೆದರೆ ಕೆಳಗೆ ಕಾಣುವ 'ಅನ್‌ಬ್ಲಾಕ್' ಎಂಬ ಚೌಕ ಈ ಚೀಟಿಯನ್ನು ಕಿತ್ತುಹಾಕಲೆಂದೇ ಇರುವಂಥದು. ನಾಲ್ಕನೆಯದು, ಈ ಕಡತವನ್ನು ಡಿಸ್ಕಿಗೆ ತಂದಿಟ್ಟವರು ಯಾರು ಎಂಬುದು. ನಂಬಿಕೆಯ ಇನ್‌ಸ್ಟಾಲರ್ ತಂದಿಟ್ಟರೆ ಒಂದು ಲೆಕ್ಕ, ವರ್ಡ್ ಕಡತವೊಂದರ ಒಳಗೆ ಅಡಗಿರುವ ಮ್ಯಾಕ್ರೋ ಎಂಬ ಪುಟ್ಟ ಪ್ರೋಗ್ರಾಮ್ ತಂದಿಟ್ಟರೆ ಮತ್ತೊಂದು ಲೆಕ್ಕ.

ನಿಮ್ಮ ತಂತ್ರಾಂಶವನ್ನು ಈ ವಿಚಾರಣೆಯ ಮುಂದೆ ನಿಲ್ಲಿಸಿ ನೋಡಿ. ಹಳೆಯ ಆವೃತ್ತಿ ನಿಮ್ಮಲ್ಲಿ ವರ್ಷಗಟ್ಟಲೆ ಇದ್ದದ್ದರಿಂದ ಆಂಟಿವೈರಸ್ ಅದಕ್ಕೆ ಒಗ್ಗಿಹೋಗಿತ್ತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದಾಗ ಆ ಯುವಕರು ದರದ ಸಾಲುಗಳನ್ನಷ್ಟೇ ತಿದ್ದಿರಬಹುದು. ಆದರೆ ತಿದ್ದಿದ ಕ್ಷಣದಲ್ಲಿಯೇ ಹ್ಯಾಶ್ ಹೊಸದಾಯಿತು, ಹಳೆಯ ಪರಿಚಯವೆಲ್ಲ ರದ್ದಾಯಿತು. ಸಹಿ ಹಾಕುವ ವ್ಯವಸ್ಥೆ ಅವರಲ್ಲಿ ಇದ್ದಂತಿಲ್ಲ. ಕಡತ ಬಂದದ್ದು ಅಂತರ್ಜಾಲದಿಂದ. ಅದನ್ನು ಬಳಸುವವರು ಇಡೀ ಜಗತ್ತಿನಲ್ಲಿ ನೀವೊಬ್ಬರೇ ಇರಬಹುದು. ಹೊಚ್ಚ ಹೊಸ ವೈರಸ್ ಒಂದರ ಲಕ್ಷಣಗಳೂ ಚಾಚೂ ತಪ್ಪದೆ ಇವೇ ಆಗಿರುತ್ತವೆ! ಆಂಟಿವೈರಸ್‌ನ ಜಾಗದಲ್ಲಿ ನಾನಿದ್ದರೂ ಅದನ್ನು ಜಗಲಿಯಲ್ಲೇ ಕುಳ್ಳಿರಿಸುತ್ತಿದ್ದೆ.

ತಡೆಯುವ ಕೆಲಸ ನಡೆಯುವುದು ವಿಂಡೋಸ್‌ನ ತಳದಲ್ಲಿ. ಆಂಟಿವೈರಸ್ ಡ್ರೈವರ್ ಎಂಬ ತನ್ನದೊಂದು ಕಾವಲು ಪ್ರೋಗ್ರಾಮನ್ನು ವಿಂಡೋಸ್‌ನ ಕರ್ನಲ್ ಎಂಬ ಒಳಭಾಗದಲ್ಲಿ ಇರಿಸಿರುತ್ತದೆ. ಯಾವುದೇ ಪ್ರೋಗ್ರಾಮ್ ಕಡತವೊಂದನ್ನು ತೆರೆಯಬೇಕೆಂದರೆ, ಇನ್ನೊಂದು ಪ್ರೋಗ್ರಾಮನ್ನು ಚಾಲೂ ಮಾಡಬೇಕೆಂದರೆ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಒಂದು ಸಾಲು ಬರೆಯಬೇಕೆಂದರೆ ಅದರ ಕೋರಿಕೆ ಈ ಡ್ರೈವರ್‌ನ ಕಣ್ಣ ಮುಂದೆಯೇ ಹಾದುಹೋಗಬೇಕು. ಕೋರಿಕೆ ಬಂದದ್ದು ಯಾವ ಪ್ರೋಗ್ರಾಮಿನಿಂದ, ಅದಕ್ಕೆ ಯಾವ ದರ್ಜೆಯ ನಂಬಿಕೆ ಇದೆ ಎಂಬುದನ್ನು ನೋಡಿ ಡ್ರೈವರ್ ಅದನ್ನು ಮುಂದೆ ಬಿಡುತ್ತದೆ, ಇಲ್ಲವೇ 'ಅನುಮತಿ ಇಲ್ಲ' ಎಂದು ಹಿಂದಕ್ಕೆ ಕಳುಹಿಸುತ್ತದೆ. ಇಷ್ಟು ಆಳದಲ್ಲಿ ಕೂತಿರುವುದರಿಂದಲೇ ಅದಕ್ಕೆ ಬಲ, ಅಪಾಯವೂ ಅದರಿಂದಲೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತದ್ದು ಇಂಥ ಡ್ರೈವರ್ ಎಡವಿದ್ದರಿಂದ.

ನಿರ್ಬಂಧದಲ್ಲಿ ಹಲವು ದರ್ಜೆಗಳಿವೆ. ಉದಾಹರಣೆಗೆ ಕ್ಯಾಸ್ಪರ್‌ಸ್ಕಿ ಎಂಬ ಆಂಟಿವೈರಸ್‌ನಲ್ಲಿ ಪ್ರೋಗ್ರಾಮ್‌ಗಳನ್ನು ನಾಲ್ಕು ಗುಂಪು ಮಾಡುತ್ತಾರೆ: ಪೂರ್ತಿ ನಂಬಿಕೆಯವು, ಸ್ವಲ್ಪ ನಿರ್ಬಂಧದವು, ಹೆಚ್ಚು ನಿರ್ಬಂಧದವು, ನಂಬಿಕೆಯೇ ಇಲ್ಲದವು. ಕೊನೆಯ ಗುಂಪಿನದನ್ನು ಚಾಲೂ ಆಗಲೇ ಬಿಡುವುದಿಲ್ಲ. ನಡುವಿನ ಎರಡು ಗುಂಪುಗಳಿಗೆ ಓಡಾಟ ಉಂಟು. ಆದರೆ ಬೇರೆ ಪ್ರೋಗ್ರಾಮಿನ ಸ್ಮೃತಿಯೊಳಗೆ ಕೈ ಹಾಕುವುದು, ಡ್ರೈವರ್ ಸೇರಿಸುವುದು, ವಿಂಡೋಸ್ ಶುರುವಾಗುವಾಗ ತಾನೂ ಶುರುವಾಗುವಂತೆ ಹೆಸರು ಬರೆಸಿಕೊಳ್ಳುವುದು, ಸಿಸ್ಟಮ್ ಕಡತಗಳನ್ನು ತಿದ್ದುವುದು ಮುಂತಾದವಕ್ಕೆ ದರ್ಜೆಗೆ ತಕ್ಕಂತೆ ಅಡ್ಡಿ ಇರುತ್ತದೆ. ನಿರ್ಬಂಧಿತ ಪ್ರೋಗ್ರಾಮ್ ಇನ್ನೊಂದು ಪ್ರೋಗ್ರಾಮನ್ನು ಚಾಲೂ ಮಾಡಿದರೆ ಅದೇ ನಿರ್ಬಂಧ ಆ ಎರಡನೆಯದಕ್ಕೂ ಅಂಟಿಕೊಳ್ಳುತ್ತದೆ. ಹೀಗಿಲ್ಲದಿದ್ದರೆ ವೈರಸ್ ತನ್ನ ಕೆಲಸವನ್ನು ವಿಂಡೋಸ್‌ನ ಸಜ್ಜನ ಪ್ರೋಗ್ರಾಮೊಂದಕ್ಕೆ ವಹಿಸಿ ತಾನು ದೂರ ನಿಲ್ಲುತ್ತಿತ್ತು.

ಇನ್ನು ಕೆಲವು ಆಂಟಿವೈರಸ್‌ಗಳ ದಾರಿ ಬೇರೆ. ಅಪರಿಚಿತ ಪ್ರೋಗ್ರಾಮಿಗೆ 'ಇಲ್ಲ' ಎನ್ನುವ ಬದಲು 'ಆಗಲಿ' ಎಂದು ಹೇಳಿ, ಅದು ಬರೆಯುವುದನ್ನೆಲ್ಲ ಬೇರೆ ಕಡೆಗೆ ತಿರುಗಿಸುತ್ತವೆ. ಇದೇ ಕಂಟೇನರ್. ನಿಮ್ಮಲ್ಲಿ ನಡೆದದ್ದು ಇದೇ ಎಂಬುದಕ್ಕೆ ಬಣ್ಣದ ಚೌಕಟ್ಟು ಸಾಕ್ಷಿ. ನಿಮ್ಮ ತಂತ್ರಾಂಶ ಮೊದಲ ಬಿಲ್ಲನ್ನು ಉಳಿಸಲು ಡಿ ಡ್ರೈವ್‌ನ ದತ್ತಾಂಶ ಕಡತವನ್ನು ಬರೆಯುವುದಕ್ಕಾಗಿ ತೆರೆದಾಗ, ಆಂಟಿವೈರಸ್ ಆ ಕಡತದ ಒಂದು ನಕಲನ್ನು ತನ್ನ ಗುಪ್ತ ಫೋಲ್ಡರ್‌ನಲ್ಲಿ ಮಾಡಿ, ಬರೆಯುವ ಕೆಲಸವನ್ನು ಆ ನಕಲಿನ ಮೇಲೆ ನಡೆಸಿತು. ಮರುದಿನ ತಂತ್ರಾಂಶ ಹಳೆಯ ಬಿಲ್‌ಗಳನ್ನು ಓದಲು ಹೋದಾಗಲೂ ಅದೇ ನಕಲನ್ನು ಮುಂದಿಟ್ಟಿತು. ತಂತ್ರಾಂಶಕ್ಕೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ, ನಿಮಗೂ ತಿಳಿಯಲಿಲ್ಲ. ಮುದ್ರಣದ ಕೆಲಸವನ್ನು ವಿಂಡೋಸ್‌ನ ಪ್ರತ್ಯೇಕ ಸೇವೆಯೊಂದು ನೋಡಿಕೊಳ್ಳುವುದರಿಂದ ಕಾಗದದ ಮೇಲೆ ಬಿಲ್ ಸರಿಯಾಗಿಯೇ ಬಂತು. ರಿಪೇರಿಯವರು ವಿನಾಯಿತಿ ಕೊಟ್ಟ ಕ್ಷಣದಿಂದ ತಂತ್ರಾಂಶ ಕಂಟೇನರ್‌ನ ಹೊರಗೆ ಓಡತೊಡಗಿ, ಎರಡು ದಿನಗಳಿಂದ ಯಾರೂ ಮುಟ್ಟದಿದ್ದ ಅಸಲಿ ಕಡತವನ್ನು ತೆರೆಯಿತು. ಬಿಲ್‌ಗಳು 'ಹೋದದ್ದು' ಹೀಗೆ.

ಅವನ್ನು ಮರಳಿ ಪಡೆಯಲು, ಬಿಲ್ಲಿಂಗ್ ತಂತ್ರಾಂಶವನ್ನು ಬೇಕೆಂದೇ ಮತ್ತೊಮ್ಮೆ ಕಂಟೇನರ್‌ನೊಳಗೆ ಚಾಲೂ ಮಾಡಿ. ಅಂಥ ಆಯ್ಕೆ ಸಾಮಾನ್ಯವಾಗಿ ಕಡತದ ಮೇಲೆ ಮೌಸ್‌ನ ಬಲಗುಂಡಿ ಒತ್ತಿದಾಗ ಸಿಗುತ್ತದೆ. ಆ ಎರಡು ದಿನಗಳ ಬಿಲ್‌ಗಳು ಕಂಡರೆ ಕೂಡಲೇ ಅವುಗಳ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ತಂತ್ರಾಂಶದ್ದೇ 'ಬ್ಯಾಕಪ್' ಗುಂಡಿಯನ್ನು ಒತ್ತಿ ನಿಶ್ಚಿಂತರಾಗಬೇಡಿ, ಏಕೆಂದರೆ ಆ ಬ್ಯಾಕಪ್ ಕೂಡ ಕಂಟೇನರ್‌ನೊಳಗೇ ಬೀಳುತ್ತದೆ. ಹಾಗೆಯೇ ಒಳಗಿನ ಕಡತವನ್ನು ತಂದು ಹೊರಗಿನದರ ಮೇಲೆ ಹಾಕಬೇಡಿ. ಹಾಕಿದರೆ ವಿನಾಯಿತಿ ಕೊಟ್ಟ ಮೇಲೆ ಬರೆದ ಬಿಲ್‌ಗಳು ಅಳಿದುಹೋಗುತ್ತವೆ. ಮುದ್ರಿಸಿದ ಪಟ್ಟಿಯನ್ನು ಇಟ್ಟುಕೊಂಡು ಕೈಯಿಂದ ಸೇರಿಸುವುದೇ ನಿಧಾನವಾದರೂ ಖಚಿತವಾದ ದಾರಿ. ಇಲ್ಲಿ ಇನ್ನೊಂದು ತೊಡಕನ್ನೂ ಗಮನಿಸಬೇಕು. ಹೊರಗಿನ ಕಡತಕ್ಕೆ ಆ ಎರಡು ದಿನಗಳ ನೆನಪೇ ಇಲ್ಲದ್ದರಿಂದ, ಆಮೇಲಿನ ಬಿಲ್‌ಗಳಿಗೆ ತಂತ್ರಾಂಶ ಅವೇ ಸಂಖ್ಯೆಗಳನ್ನು ಮತ್ತೆ ಕೊಟ್ಟಿರುತ್ತದೆ. ಜಿಎಸ್‌ಟಿ ನಿಯಮದಂತೆ ಒಂದು ಹಣಕಾಸು ವರ್ಷದಲ್ಲಿ ಬಿಲ್ ಸಂಖ್ಯೆ ಕ್ರಮವಾಗಿರಬೇಕು, ಪುನರಾವರ್ತನೆ ಆಗಬಾರದು. ಇದನ್ನು ಹೇಗೆ ಸರಿಪಡಿಸಬೇಕೆಂಬುದನ್ನು ರಿಟರ್ನ್ ಸಲ್ಲಿಸುವ ಮೊದಲೇ ನಿಮ್ಮ ಲೆಕ್ಕಪರಿಶೋಧಕರಲ್ಲಿ ಕೇಳಿಕೊಳ್ಳಿ.

ಇಷ್ಟೆಲ್ಲ ಫಜೀತಿ ಮಾಡಿದ ಈ ವ್ಯವಸ್ಥೆಯನ್ನು ಕಿತ್ತೇ ಹಾಕಿದರೆ ಏನು ಎಂದು ನಿಮಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ನಿಮ್ಮ ಉದ್ಯೋಗವನ್ನು ನೆನೆಯಿರಿ. ಮುದ್ರಣಾಲಯದಷ್ಟು ಅಪರಿಚಿತ ಪೆನ್‌ಡ್ರೈವ್‌ಗಳು ಚುಚ್ಚಿಕೊಳ್ಳುವ ಕಂಪ್ಯೂಟರ್ ಬೇರೆಲ್ಲೂ ಇರಲಾರದು. ಮದುವೆಯ ಕಾಗದದ ಮ್ಯಾಟರ್, ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ ಎಂದು ಬರುವ ಪೆನ್‌ಡ್ರೈವ್ ನಿಮ್ಮಲ್ಲಿಗೆ ಬರುವ ಮೊದಲು ಎಷ್ಟು ಕಡೆ ಸುತ್ತಿರುತ್ತದೋ ತಂದವರಿಗೂ ತಿಳಿದಿರುವುದಿಲ್ಲ. ಮಂಗಳೂರಿನಲ್ಲಿ ನಾನು ನೋಡಿದ ಪೆನ್‌ಡ್ರೈವ್ ಒಂದರಲ್ಲಿ 'ಆಮಂತ್ರಣ' ಎಂಬ ಫೋಲ್ಡರ್ ಇತ್ತು. ಚಿತ್ರದ ಎಡ ಮೂಲೆಯಲ್ಲಿ ಶಾರ್ಟ್‌ಕಟ್‌ನ ಚಿಕ್ಕ ಬಾಣದ ಗುರುತೂ ಇತ್ತು. ಅಸಲಿ ಫೋಲ್ಡರನ್ನು ಅಡಗಿಸಿಟ್ಟ ವೈರಸ್ ಅದರ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿತ್ತು. ಎರಡು ಬಾರಿ ಕ್ಲಿಕ್ ಮಾಡಿದರೆ ಫೋಲ್ಡರೂ ತೆರೆಯುತ್ತಿತ್ತು, ಹಿಂದಿನಿಂದ ಒಂದು ಸ್ಕ್ರಿಪ್ಟ್ (ಕಂಪ್ಯೂಟರ್‌ಗೆ ಕೊಡುವ ಆಜ್ಞೆಗಳ ಪಟ್ಟಿ) ಕೂಡ ಓಡುತ್ತಿತ್ತು. ಆ ಸ್ಕ್ರಿಪ್ಟನ್ನು ಓಡಿಸುವುದು ಮೈಕ್ರೋಸಾಫ್ಟ್‌ನ ಸಹಿ ಇರುವ, ವಿಂಡೋಸ್‌ನದ್ದೇ ಪ್ರೋಗ್ರಾಮ್. ಒಳ್ಳೆಯ ಆಂಟಿವೈರಸ್ ಇಲ್ಲಿ ಓಡಿಸುವವರ ಸಹಿಗೆ ಮರುಳಾಗದೆ, ಓಡುತ್ತಿರುವ ಸ್ಕ್ರಿಪ್ಟ್‌ನ ಪೂರ್ವಾಪರ ವಿಚಾರಿಸಿ ಅದನ್ನು ನಿರ್ಬಂಧಕ್ಕೆ ಒಳಪಡಿಸುತ್ತದೆ.

ಇನ್ನು ಕಡತಗಳನ್ನೆಲ್ಲ ಗೂಢಲಿಪಿಗೆ ಬದಲಿಸಿ ಹಣ ಕೇಳುವ ರ‍್ಯಾನ್ಸಮ್‌ವೇರ್. ನಿಮ್ಮ ಬಿಲ್‌ಗಳಿಗೆ ಆದದ್ದೇ ಅದಕ್ಕೂ ಆಗುತ್ತದೆ. ಕಂಟೇನರ್‌ನೊಳಗೆ ಕೂತು ಅದು ಡಿ ಡ್ರೈವ್ ಇಡೀ ಕೆಡಿಸಿದೆನೆಂದುಕೊಳ್ಳುತ್ತದೆ. ಕೆಟ್ಟಿರುವುದು ನಕಲುಗಳು ಮಾತ್ರ. ಕಂಟೇನರ್ ತೊಳೆದುಹಾಕಿದರೆ ಎಲ್ಲವೂ ಮೊದಲಿನಂತೆ ಇರುತ್ತದೆ. ನಿಮ್ಮ ಬಿಲ್‌ಗಳನ್ನು ಕಣ್ಮರೆ ಮಾಡಿದ ಗುಣವೇ ನಿಮ್ಮ ವರ್ಷಗಳ ಕೆಲಸವನ್ನು ಉಳಿಸಬಲ್ಲದು.

ಆದರೂ ಇದಕ್ಕೆ ಮಿತಿಗಳಿವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಬರೆಯುವುದನ್ನು ತಿರುಗಿಸುವ ಕಂಟೇನರ್ ಓದುವುದನ್ನು ಎಲ್ಲ ಸಂದರ್ಭಗಳಲ್ಲಿಯೂ ತಡೆಯುವುದಿಲ್ಲ. ಆದ್ದರಿಂದ ಜಗಲಿಯಲ್ಲಿ ಕೂತವರು ಬಾಗಿಲ ಸಂದಿಯಿಂದ ಒಳಗಿನದನ್ನು ನೋಡಿ, ನೆಟ್ ಸಂಪರ್ಕವೂ ಇದ್ದರೆ, ನೋಡಿದ್ದನ್ನು ಹೊರಗೆ ಸಾಗಿಸಬಹುದು. ನಂಬಿಕೆಯ ಲೆಕ್ಕವೇ ತಪ್ಪುವುದೂ ಉಂಟು. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ವೈರಸ್‌ನ ಡ್ರೈವರ್‌ಗಳಿಗೆ ತೈವಾನ್‌ನ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳಿಂದ ಕದ್ದ ಸಹಿಗಳಿದ್ದವು. 2017ರಲ್ಲಿ ಸಿಕ್ಲೀನರ್ ಎಂಬ ಜನಪ್ರಿಯ ತಂತ್ರಾಂಶದ 5.33ನೇ ಆವೃತ್ತಿಯೊಳಗೆ, ಅದು ತಯಾರಾಗುವ ಜಾಗದಲ್ಲಿಯೇ, ಆಗಂತುಕರು ತಮ್ಮ ಕೋಡನ್ನು ಸೇರಿಸಿದ್ದರು. ಸಹಿ ಅಸಲಿ, ತಯಾರಕರು ಅಸಲಿ, ಒಳಗಿನ ಸರಕು ಮಾತ್ರ ಬೇರೆ. ಅದೇ ವರ್ಷ ಮೇ ತಿಂಗಳಲ್ಲಿ ಹಬ್ಬಿದ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್, ಕಡತ ಹಂಚಿಕೊಳ್ಳಲು ವಿಂಡೋಸ್ ಬಳಸುವ ಸೇವೆಯ ದೋಷವೊಂದರ ಮೂಲಕ, ಯಾರೂ ಏನನ್ನೂ ಕ್ಲಿಕ್ ಮಾಡದೆಯೇ ಒಳಹೊಕ್ಕಿತ್ತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿಯೇ ತೇಪೆ ಕೊಟ್ಟಿತ್ತು. ವಿಂಡೋಸ್ ಅಪ್‌ಡೇಟ್ ಮಾಡದವರನ್ನು ಆಂಟಿವೈರಸ್ ಒಂದೇ ಕಾಯಲಾರದು.

ಕನ್ನಡಿಗರಿಗೆ ಎದುರಾಗುವ ಒಂದು ವಿಶೇಷ ತೊಂದರೆಯನ್ನು ಇಲ್ಲಿ ಹೇಳಲೇಬೇಕು. ಎಲ್ಲ ಭಾಷೆಗಳ ಅಕ್ಷರಗಳಿಗೂ ಈಗ ಬಳಸುವ ಯೂನಿಕೋಡ್ ಸಂಕೇತಕ್ರಮಕ್ಕೆ ಮೊದಲಿನ ಕನ್ನಡ ಟೈಪಿಂಗ್ ತಂತ್ರಾಂಶಗಳು ನಾವು ಒತ್ತುವ ಪ್ರತಿಯೊಂದು ಕೀಲಿಯನ್ನೂ ನಡುದಾರಿಯಲ್ಲಿ ಹಿಡಿದು, ಅದರ ಬದಲು ಕನ್ನಡ ಅಕ್ಷರವನ್ನು ಪೇಜ್‌ಮೇಕರ್‌ಗೋ ವರ್ಡ್‌ಗೋ ಕೊಡುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಗಳನ್ನು ಹಿಡಿಯುವುದು ಬಹುಪಾಲು ಹೀಗೆಯೇ. ಸಹಿ ಇಲ್ಲದ, ಬಳಸುವವರು ಕಡಿಮೆ ಇರುವ ಇಂಥ ತಂತ್ರಾಂಶ ನಿರ್ಬಂಧಕ್ಕೆ ಸಿಲುಕಿದರೆ 'ಕನ್ನಡ ಮೂಡುವುದಿಲ್ಲ, ಇಂಗ್ಲಿಷ್ ಮಾತ್ರ ಬರುತ್ತದೆ' ಎಂಬ ದೂರು ಬರುತ್ತದೆ, ಯಾರೂ ಆಂಟಿವೈರಸ್ ಕಡೆಗೆ ತಿರುಗಿಯೂ ನೋಡುವುದಿಲ್ಲ.

ಕೊನೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಡಿ ಡ್ರೈವ್ ಪೂರ್ತಿಗೆ ವಿನಾಯಿತಿ ಕೊಟ್ಟದ್ದು ತಪ್ಪು. ಆ ವಿನಾಯಿತಿ ನಿಮ್ಮ ಬಿಲ್ಲಿಂಗ್ ತಂತ್ರಾಂಶಕ್ಕೆ ಸಿಕ್ಕಿದ್ದಲ್ಲ, ಒಂದು ಜಾಗಕ್ಕೆ ಸಿಕ್ಕಿದ್ದು. ನಾಳೆ ಗಿರಾಕಿಯ ಪೆನ್‌ಡ್ರೈವ್‌ನಿಂದ ನಿಮ್ಮ ಹುಡುಗರು ಡಿ ಡ್ರೈವ್‌ಗೆ ನಕಲಿಸುವ ಪ್ರತಿಯೊಂದು ಕಡತಕ್ಕೂ ಅದು ಅನ್ವಯಿಸುತ್ತದೆ. ಅದನ್ನು ತೆಗೆಸಿ, ಬಿಲ್ಲಿಂಗ್‌ನ ಒಂದೇ ಒಂದು ಕಡತವನ್ನು ಅದರ ಹ್ಯಾಶ್‌ನ ಆಧಾರದ ಮೇಲೆ 'ನಂಬಿಕೆಯದು' ಎಂದು ಗುರುತಿಸಿ. ಗುರುತಿಸುವ ಮೊದಲು, ವಿಂಡೋಸ್‌ನಲ್ಲಿಯೇ ಇರುವ 'ಸರ್ಟ್‌ಯುಟಿಲ್' ಎಂಬ ಉಪಕರಣದಿಂದ ಕಡತದ ಎಸ್‌ಎಚ್‌ಎ-256 ಹ್ಯಾಶ್ ತೆಗೆದು, ಮಣಿಪಾಲಕ್ಕೆ ಫೋನ್ ಮಾಡಿ, ಅವರ ಬಳಿ ಇರುವ ಅಸಲಿನ ಹ್ಯಾಶ್‌ನ ಮೊದಲ ಎಂಟು ಮತ್ತು ಕೊನೆಯ ಎಂಟು ಅಕ್ಷರಗಳನ್ನು ಓದಲು ಹೇಳಿ ತಾಳೆ ನೋಡಿ. ತಾಳೆಯಾದರೆ ಅವರು ಕಳುಹಿಸಿದ ಕಡತ ದಾರಿಯಲ್ಲಿ ಬದಲಾಗದೆ ನಿಮಗೆ ಬಂದಿದೆ ಎಂದಾಗುತ್ತದೆ. ಪ್ರತಿ ಹೊಸ ಆವೃತ್ತಿಗೂ ಇದನ್ನು ಮತ್ತೆ ಮಾಡಬೇಕಾಗುತ್ತದೆ. ಐದು ನಿಮಿಷದ ಕೆಲಸ.

ಆ ಯುವಕರು ತಮ್ಮ ತಂತ್ರಾಂಶಕ್ಕೆ ಸಹಿ ಹಾಕುವುದಾದರೆ ಒಳ್ಳೆಯದೇ. ಆದರೆ ಸಹಿಯ ಪ್ರಮಾಣಪತ್ರಕ್ಕೆ ವರ್ಷ ವರ್ಷವೂ ಹಣ ಕೊಡಬೇಕು, 2023ರ ಜೂನ್‌ನಿಂದ ಸಹಿ ಹಾಕಲು ಬಳಸುವ ಅದರ ರಹಸ್ಯ ಕೀಲಿಯನ್ನು ಯುಎಸ್‌ಬಿ ಟೋಕನ್‌ನಂಥ ಭದ್ರ ಸಾಧನದಲ್ಲಿಯೇ ಇಡಬೇಕೆಂಬ ನಿಯಮವೂ ಇದೆ. ಒಂದೆರಡು ಗಿರಾಕಿಗಳಿಗಾಗಿ ತಂತ್ರಾಂಶ ಬರೆಯುವವರಿಗೆ ಇದು ಹೊರೆ. ಹಣ ಖರ್ಚಿಲ್ಲದ ದಾರಿಯೆಂದರೆ, ಹೊಸ ಆವೃತ್ತಿಯನ್ನು ನಿಮಗೆ ಕೊಡುವ ಮೊದಲು ಆಂಟಿವೈರಸ್ ಕಂಪನಿಯ ಪರಿಶೀಲನೆಗೆ ಒಪ್ಪಿಸುವುದು. ಬಹುತೇಕ ಕಂಪನಿಗಳು ಇಂಥ ಕಡತಗಳನ್ನು ಸ್ವೀಕರಿಸುತ್ತವೆ.

ವಿನಾಯಿತಿ ನಿಜವಾಗಿ ಹೋಗಿದೆಯೇ ಎಂಬುದನ್ನು ನೀವೇ ಪರೀಕ್ಷಿಸಬಹುದು. ಆಂಟಿವೈರಸ್‌ಗಳ ಪರೀಕ್ಷೆಗೆಂದೇ ಐಕಾರ್ ಎಂಬ ಯುರೋಪಿನ ಸಂಸ್ಥೆಯ ಹೆಸರಿನಲ್ಲಿ 68 ಅಕ್ಷರಗಳ ನಿರುಪದ್ರವಿ ಕಡತವೊಂದಿದೆ. ಅದು ಯಾರಿಗೂ ಯಾವ ಹಾನಿಯನ್ನೂ ಮಾಡುವುದಿಲ್ಲ, ಆದರೆ ಆಂಟಿವೈರಸ್‌ಗಳು ಅದನ್ನು ವೈರಸ್ ಎಂದೇ ಹಿಡಿಯಬೇಕೆಂಬ ಒಪ್ಪಂದವಿದೆ. ಐಕಾರ್‌ನ ತಾಣದಿಂದ ಅದನ್ನು ಇಳಿಸಿಕೊಂಡು ಡಿ ಡ್ರೈವ್‌ನಲ್ಲಿ ಉಳಿಸಲು ಯತ್ನಿಸಿ. ಡಿ ಡ್ರೈವ್‌ಗೆ ಬಂದ ಆ ಕಡತವನ್ನು ಕಂಡು ಆಂಟಿವೈರಸ್ ಬೊಬ್ಬೆ ಹಾಕಿದರೆ ವಿನಾಯಿತಿ ಹೋಗಿದೆ. ಸುಮ್ಮನಿದ್ದರೆ ರಿಪೇರಿಯವರನ್ನು ಮತ್ತೊಮ್ಮೆ ಕರೆಸಬೇಕಾಗುತ್ತದೆ.